ಎಲ್ಲರಿಗೂ ಗೊತ್ತಿದ್ದ ಗುಟ್ಟು

ಗಂಡನಿಗೆ ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದಾಗ ಬ್ರೇಕಮ್ಮನಿಗೆ ಸಿಟ್ಟು ಬಂತು. ಅದೂ ಡಾಕ್ಟರ ಮೇಲಲ್ಲ, ಗಂಡನ ಮೇಲೆ. ಮದುವೆಯಾದಂದಿನಿಂದ ಆ ಮನುಷ್ಯ ಯಾವ ಕೆಲಸವನ್ನೂ ಮುಂಚೆ ಹೇಳಿ ಮಾಡಿದವನಲ್ಲ. ಗೋಡೆ ಒಡೆದು ಕಿಟಕಿ ಇಟ್ಟದ್ದೂ ಹಾಗೆಯೇ, ಮೀಸೆ ಬೋಳಿಸಿದ್ದೂ ಹಾಗೆಯೇ. ಈಗ ಸಾಯುವುದನ್ನೂ ಮನೆಯಲ್ಲಿ ಒಂದು ಮಾತು ಕೇಳದೆ ಶುರು ಹಚ್ಚಿಕೊಂಡಿದ್ದ.

ಬ್ರೇಕಮ್ಮ ಎನ್ನುವುದು ಅವಳ ಹೆಸರಲ್ಲ. ಕಾರು ಓಡಿಸಲು ಕಲಿಸುವುದು ಅವಳ ಕಸುಬು. ಪಕ್ಕದ ಸೀಟಿನಲ್ಲಿ ಕೂತು, "ಬ್ರೇಕಮ್ಮಾ, ಬ್ರೇಕು!" ಎಂದು ಕಲಿಯುವ ಹೆಂಗಸರ ಮೇಲೆ ಕೂಗಿ ಕೂಗಿ ಆ ಹೆಸರು ತಿರುಗಿ ಬಂದು ಅವಳಿಗೇ ಅಂಟಿಕೊಂಡಿತ್ತು. ಗಂಡ ಲಿಫ್ಟು ರಿಪೇರಿಯವನು. ಅವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯೂ.

ಮೇಸ್ತ್ರಿಯ ಹೊಟ್ಟೆಯೊಳಗಿನ ಗೆಡ್ಡೆ ಆಪರೇಷನ್ನಿನ ಮಾತನ್ನು ದಾಟಿ ಹೋಗಿತ್ತು. "ಕಾಯಿಲೆಗೆ ಇನ್ನು ಮದ್ದಿಲ್ಲಮ್ಮ. ನೋವಿಗೆ ಇದೆ, ಅದನ್ನ ಚೆನ್ನಾಗಿ ಕೊಡೋಣ," ಎಂದ ಡಾಕ್ಟರು, ಮನೆಗೇ ಬಂದು ನೋಡಿಕೊಳ್ಳುವ ಆರೈಕೆ ಕೇಂದ್ರದ ನರ್ಸಿಗೆ ಆಗಲೇ ಫೋನು ಮಾಡಿದರು. ಇದೆಲ್ಲ ನಡೆದದ್ದು ಆಸ್ಪತ್ರೆಯ ಹೊರಗಿನ ಬೆಂಚಿನ ಬಳಿ, ಮೇಸ್ತ್ರಿ ಒಳಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ. ಜೊತೆಯಲ್ಲಿ ಅತ್ತಿಗೆಯೂ ಇದ್ದಳು.

ಅತ್ತಿಗೆ ಎಂದರೆ ಮೇಸ್ತ್ರಿಯ ಅಕ್ಕ. ಟೆಲಿಫೋನ್ ಆಪರೇಟರ್ ಆಗಿ ನಿವೃತ್ತಳಾದವಳು. ಕೆಲಸದಲ್ಲಿದ್ದಷ್ಟು ಕಾಲ ಊರಿನ ಮಾತೆಲ್ಲ ಅವಳ ಕಿವಿಯೊಳಗೆ ಹೋಗಿತ್ತು. ನಿವೃತ್ತಿಯ ಮೇಲೆ ಅಷ್ಟೂ ಬಾಯಿಂದ ಹೊರಗೆ ಬರುತ್ತಿತ್ತು. ಅಂಥವಳು ಡಾಕ್ಟರ ಮಾತು ಕೇಳಿ ಒಂದು ಗಳಿಗೆ ಸುಮ್ಮನಾದಳು. ಬ್ರೇಕಮ್ಮನಿಗೆ ಆಗ ನಿಜವಾಗಿಯೂ ಹೆದರಿಕೆಯಾಯಿತು.

ಆದರೆ ಅದು ಒಂದೇ ಗಳಿಗೆ. "ಅವನಿಗೆ ಹೇಳಕೂಡದು," ಎಂದು ಅತ್ತಿಗೆ ಅವಳ ರಟ್ಟೆ ಹಿಡಿದಳು. "ನನ್ನಾಣೆ. ಗೊತ್ತಾದ್ರೆ ಅವನ ಎದೆ ಒಡೆದು ಹೋಗುತ್ತೆ."

"ಎದೆ ಗಟ್ಟಿಯಾಗಿದೆಯಂತೆ ಅತ್ತಿಗೆ. ತೊಂದರೆ ಹೊಟ್ಟೇದು."

"ತಮಾಷೆ ಮಾಡೋ ಹೊತ್ತಾ ಇದು? ಹುಣ್ಣು ಅಂತ ಹೇಳೋಣ. ವಾಸಿಯಾಗೋ ಹುಣ್ಣು."

ಮಾರನೆಯ ದಿನವೇ ಅತ್ತಿಗೆ ಎರಡು ಸೂಟ್‌ಕೇಸು ತಂದು ಮನೆಯಲ್ಲಿ ಬೀಡುಬಿಟ್ಟಳು. ಆರೈಕೆ ಕೇಂದ್ರದ ವ್ಯಾನಿನ ಮೇಲೆ ಕೇಂದ್ರದ ಹೆಸರು ದೊಡ್ಡದಾಗಿ ಬರೆದಿತ್ತೆಂದು ನರ್ಸಿಗೆ ಹಿಂದಿನ ಬೀದಿಯಲ್ಲಿ ನಿಲ್ಲಿಸಿ ನಡೆದು ಬರಲು ಅಪ್ಪಣೆಯಾಯಿತು. ನರ್ಸು ದಪ್ಪಗೆ, ನಿಧಾನಕ್ಕೆ ನಡೆಯುವ ಹೆಂಗಸು. ಏದುಸಿರು ಬಿಡುತ್ತಾ ಒಳಗೆ ಬಂದವಳನ್ನು ಅತ್ತಿಗೆ ತಮ್ಮನಿಗೆ ಪರಿಚಯಿಸಿದ್ದು ಹೀಗೆ: "ಇವರು ವಿಟಮಿನ್ ಕೊಡೋರು ಕಣೋ. ನಿಶ್ಶಕ್ತಿಗೆ."

ಮೇಸ್ತ್ರಿ ದಿಂಬಿಗೊರಗಿ ನರ್ಸನ್ನು ಮೇಲಿಂದ ಕೆಳಗೆ ನೋಡಿದ. "ಮೊದಲು ಇವರಿಗೆ ಸ್ವಲ್ಪ ಕೊಡು ಅಕ್ಕ. ಉಸಿರೇ ಸಿಕ್ತಿಲ್ಲ ಪಾಪ."

ನರ್ಸು ನಕ್ಕಳು. ಸುಳ್ಳು ಹೇಳಲಿಲ್ಲ, ಗುಟ್ಟನ್ನೂ ಒಡೆಯಲಿಲ್ಲ. ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡು, ನೋವು ಎಲ್ಲಿ, ಎಷ್ಟು, ಯಾವಾಗ ಎಂದು ಕೇಳಿದಳು. ಕೊನೆಗೆ ಹವೆಯ ಬಗ್ಗೆ ಮಾತಾಡುವಷ್ಟು ಸಲೀಸಾಗಿ, "ಕಕ್ಕಸ್ಸು ಸರಾಗವಾಗಿ ಆಗ್ತಿದೆಯಾ?" ಎಂದಳು.

ಇಷ್ಟು ವರ್ಷದ ಸಂಸಾರದಲ್ಲಿ ಬ್ರೇಕಮ್ಮನಿಗೇ ಕೇಳುವ ಧೈರ್ಯವಾಗದ ಪ್ರಶ್ನೆ ಅದು. ಮೇಸ್ತ್ರಿಯ ಕಿವಿ ಕೆಂಪಾಯಿತು. ಆದರೆ ನರ್ಸು ಬಂದಾಗಲೆಲ್ಲ ಅದನ್ನೇ ಕೇಳಿದಳು. ನೋವಿನ ಔಷಧಿ ಕರುಳನ್ನು ಕಟ್ಟಿಹಾಕುತ್ತದೆ, ಅದಕ್ಕೇ ಜೊತೆಯಲ್ಲಿ ಭೇದಿಯಾಗುವ ಔಷಧಿ ತಪ್ಪಿಸಬಾರದು ಎಂದು ಬಿಡಿಸಿ ಹೇಳಿದಳು. ಕೆಲವೇ ವಾರಗಳಲ್ಲಿ ಆ ಮನೆಯ ಮರ್ಯಾದೆ ಎಲ್ಲಿಗೆ ಬಂತೆಂದರೆ, ಬಚ್ಚಲಮನೆಯಿಂದ ಮೇಸ್ತ್ರಿ "ಆಯ್ತೂ!" ಎಂದು ಕೂಗಿದರೆ, ಅಡುಗೆಮನೆಯಿಂದ ಇಬ್ಬರು ಹೆಂಗಸರೂ ಕ್ರಿಕೆಟ್ ಗೆದ್ದವರಂತೆ ಚಪ್ಪಾಳೆ ತಟ್ಟುತ್ತಿದ್ದರು.

ಒಂದು ಮಧ್ಯಾಹ್ನ ಅತ್ತಿಗೆ ಹಣ್ಣು ತರಲು ಹೋಗಿದ್ದಳು. ಮೇಸ್ತ್ರಿ ಹೆಂಡತಿಯನ್ನು ಹತ್ತಿರ ಕರೆದ.

"ನಾನು ಹೋಗ್ತಿದ್ದೀನಿ ಅಲ್ವಾ?"

ಬ್ರೇಕಮ್ಮ ಮಡಿಸುತ್ತಿದ್ದ ಟವೆಲನ್ನು ಬಿಚ್ಚಿ ಮತ್ತೆ ಮಡಿಸಿದಳು. "ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ, ಅದಕ್ಕೇ ಗೊತ್ತಾಯ್ತು. ಲಿಫ್ಟು ಮಧ್ಯದಲ್ಲಿ ನಿಂತಾಗ ಒಳಗಿರೋರಿಗೆ 'ಏನಿಲ್ಲ, ಈಗ ಸರಿಯಾಗುತ್ತೆ' ಅಂತ ಜೀವಮಾನವಿಡೀ ಹೇಳ್ಕೊಂಡು ಬಂದವನು ನಾನು. ಆ ಧ್ವನಿ ಕೇಳಿದ್ರೆ ನನಗೆ ಗೊತ್ತಾಗಲ್ವಾ? ಡಾಕ್ಟರದ್ದೂ ಅದೇ ಧ್ವನಿ, ಅಕ್ಕಂದೂ ಅದೇ. ನಿಂದು ಮಾತ್ರ ಬೈಯೋ ಧ್ವನಿ. ಹೇಳು."

ಅವಳು ಹೇಳಿದಳು. ಮಂಚದ ಅಂಚಿನಲ್ಲಿ ಕೂತು, ಡಾಕ್ಟರು ಅಂದದ್ದನ್ನೆಲ್ಲ ಅಂದಂತೆಯೇ ಹೇಳಿದಳು. ಮೇಸ್ತ್ರಿ ಸ್ವಲ್ಪ ಹೊತ್ತು ತಾನು ಗೋಡೆ ಒಡೆದು ಇಟ್ಟ ಕಿಟಕಿಯನ್ನೇ ನೋಡುತ್ತಿದ್ದ. ಆಮೇಲೆ ಅವಳ ಕೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡು, "ಸದ್ಯ," ಎಂದ. "ನನಗೊಬ್ಬನಿಗೇ ಗೊತ್ತು ಅಂದ್ಕೊಂಡು ಒಬ್ಬನೇ ಹೆದರಿಕೊಂಡಿದ್ದೆ." ಬಾಗಿಲ ಹತ್ತಿರ ಅತ್ತಿಗೆಯ ಚಪ್ಪಲಿ ಸದ್ದಾದದ್ದೇ ಅವನು ಪಿಸುಗುಟ್ಟಿದ: "ನನಗೆ ಗೊತ್ತು ಅಂತ ಅಕ್ಕನಿಗೆ ಹೇಳ್ಬೇಡ. ಅವಳಿಗೆ ತಡ್ಕೊಳ್ಳೋಕೆ ಆಗಲ್ಲ."

ಅಲ್ಲಿಂದ ಬ್ರೇಕಮ್ಮನ ಬಾಳು ಅಡಕತ್ತರಿಗೆ ಸಿಕ್ಕಿತು. ಅಡುಗೆಮನೆಯಲ್ಲಿ ಅತ್ತಿಗೆಯ ಗುಟ್ಟು, ಮಲಗುವ ಕೋಣೆಯಲ್ಲಿ ಗಂಡನ ಗುಟ್ಟು. ಎರಡೂ ಒಂದೇ ಗುಟ್ಟು. ಸಾಲದ್ದಕ್ಕೆ, ಮೇಸ್ತ್ರಿಗೆ ಈ ಆಟದಲ್ಲಿ ರುಚಿ ಹತ್ತಿತು. ಔಷಧಿಯಿಂದ ನೋವು ಹತೋಟಿಗೆ ಬಂದಿತ್ತು, ನಾಲಿಗೆಗೆ ಪುರುಸೊತ್ತು ಸಿಕ್ಕಿತ್ತು.

"ಅಕ್ಕ, ಹುಣ್ಣು ವಾಸಿಯಾದ ಮೇಲೆ ನಾನೂ ನೀನೂ ಈಜು ಕಲಿಯೋಣ."

ಅತ್ತಿಗೆಯ ಕೈಯ ಚಮಚ ತಟ್ಟೆಗೆ ಬಿತ್ತು. "ಈ ವಯಸ್ಸಲ್ಲಾ?"

"ಅಂದ್ರೆ ವಾಸಿಯಾಗಲ್ಲ ಅಂತೀಯಾ?"

"ಅಯ್ಯೋ, ಬಿಡ್ತು ಅನ್ನು! ಕಲಿಯೋಣ. ನಾಳೇನೇ ಹೋಗಿ ವಿಚಾರಿಸ್ಕೊಂಡು ಬರ್ತೀನಿ."

ಹಾಗೇ ಮಾಡಿದಳು ಪುಣ್ಯಾತ್ಗಿತ್ತಿ. ಈಜುಕೊಳಕ್ಕೆ ಹೋಗಿ ಹಿರಿಯರ ತರಗತಿಗೆ ಹೆಸರು ಬರೆಸಿ, ಅವನಿಗೊಂದು ತನಗೊಂದು ನೀರಿನ ಕನ್ನಡಕ ಕೊಂಡುತಂದಳು. ಮೇಸ್ತ್ರಿ ಅದನ್ನು ಹಾಕಿಕೊಂಡೇ ಸೂಪು ಕುಡಿದ. ಆ ವಾರ ನರ್ಸು ಬಂದಾಗ ರೋಗಿ ಮಂಚದ ಮೇಲೆ ಕಪ್ಪೆಯ ಕಣ್ಣು ಬಿಟ್ಟುಕೊಂಡು ಮಲಗಿದ್ದ. ಅತ್ತಿಗೆ ಸ್ನಾನದ ಕೋಣೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ನಲ್ಲಿಯ ಸದ್ದಿನಲ್ಲೂ ಅದು ಮನೆಗೆಲ್ಲ ಕೇಳಿಸಿತು.

ಅಡುಗೆಮನೆಯಲ್ಲಿ ನರ್ಸು ಬ್ರೇಕಮ್ಮನನ್ನು ಹಿಡಿದು ನಿಲ್ಲಿಸಿದಳು. "ನೀವು ಕನ್ನಡಿ ನೋಡಿಕೊಂಡು ಎಷ್ಟು ದಿನ ಆಯ್ತು?"

"ಯಾಕೆ? ಅಷ್ಟು ಚೆನ್ನಾಗಿದ್ದೀನಾ?"

"ಅಂಗಿ ಉಲ್ಟಾ ಹಾಕಿದ್ದೀರ." ನರ್ಸು ಸ್ಟೂಲು ತಳ್ಳಿ ಅವಳನ್ನು ಕೂರಿಸಿದಳು. "ಕಾಯಿಲೆ ಒಬ್ಬರಿಗೆ, ನಾಟಕ ಮೂರು ಜನಕ್ಕೆ. ಕಾಯಿಲೆಗಿಂತ ಅದೇ ನಿಮ್ಮನ್ನ ಹಣ್ಣು ಮಾಡ್ತಿದೆ. ಮೂರೂ ಜನಾನ ಕೂರಿಸಿ ನಾನೇ ಮಾತಾಡ್ಲಾ?"

"ಇನ್ನೊಂದು ವಾರ ಬಿಡಿ. ಅವನಿಗೆ ಇಷ್ಟು ಮಜಾ ಬಂದು ಎಷ್ಟೋ ಕಾಲ ಆಗಿತ್ತು."

"ಹಾಗಾದ್ರೆ ನೀವೊಂದು ಪಾಠಕ್ಕಾದರೂ ಹೋಗಿ ಬನ್ನಿ. ಮನೇಲಿ ಅವರಕ್ಕ ಇದ್ದಾರಲ್ಲ."

ಅದೇ ಯಡವಟ್ಟಾದದ್ದು.

ಬ್ರೇಕಮ್ಮ ಒಂದು ಬೆಳಿಗ್ಗೆ ಪಾಠಕ್ಕೆ ಹೋದಳು. ಎಷ್ಟೋ ದಿನದ ಮೇಲೆ ಗೇರು, ಕ್ಲಚ್ಚು, ಎದುರಿಗೆ ಬರುವ ಲಾರಿ ಎಂಬ ಸರಳವಾದ ಅಪಾಯಗಳ ನಡುವೆ ಕೂತು ಅವಳಿಗೆ ಹಾಯೆನಿಸಿತು. ಇನ್ನೂ ಒಂದು ಸುತ್ತು ಹೊಡೆಸಿ ಮನೆಗೆ ಬಂದರೆ, ಬಾಗಿಲಲ್ಲೇ ಗಂಡನ ನರಳಾಟ ಕೇಳಿಸಿತು. ಮೇಸ್ತ್ರಿ ಮಂಡಿಯನ್ನು ಎದೆಗೆ ಒತ್ತಿಕೊಂಡು, ಟವೆಲು ಕಚ್ಚಿಕೊಂಡು, ಬೆವರಿನಲ್ಲಿ ಮುಳುಗಿದ್ದ. ಪಕ್ಕದಲ್ಲಿ ಅತ್ತಿಗೆ ದಿನಪತ್ರಿಕೆಯಿಂದ ಗಾಳಿ ಬೀಸುತ್ತಿದ್ದಳು. ಅವಳ ಮುಖವೂ ಅವನದರಷ್ಟೇ ಬಿಳಿಚಿಕೊಂಡಿತ್ತು.

"ಔಷಧಿ ಕೊಟ್ರಾ?"

"ಕೊಡಲಿಲ್ಲ," ಎಂದಳು ಅತ್ತಿಗೆ. "ಅದು ಮಾರ್ಫಿನ್ ಅಂತೆ. ಔಷಧಿ ಅಂಗಡಿಯವನನ್ನ ಕೇಳಿದೆ. ಸಾಯೋರಿಗೆ ಕೊಡೋದಂತೆ ಅದನ್ನ."

ಬ್ರೇಕಮ್ಮ ಕಪಾಟು ತೆರೆದಳು. ಬಾಟಲಿ ಇರಲಿಲ್ಲ. ಮಂಚದ ಕೆಳಗೆ, ಕಿಟಕಿಯ ಮೇಲೆ, ಚಪ್ಪಲಿ ಗೂಡಿನಲ್ಲಿ ಹುಡುಕಿದಳು. "ಎಲ್ಲಿಟ್ಟಿದ್ದೀರಿ?"

ಟವೆಲನ್ನು ಉಗುಳಿ ಮೇಸ್ತ್ರಿ ಹಲ್ಲಿನ ಸಂದಿಯಿಂದ ಹೇಳಿದ: "ಅವಳ ಚೀಲ ನೋಡು. ಚಿಕ್ಕಂದಿನಿಂದ ಕದ್ದದ್ದೆಲ್ಲ ಅದರಲ್ಲೇ."

ಅತ್ತಿಗೆ ತನ್ನ ಕೈಚೀಲವನ್ನು ಎದೆಗವಚಿಕೊಂಡಳು. ಬ್ರೇಕಮ್ಮ ಪಟ್ಟಿಗೆ ಕೈಹಾಕಿದಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಇಬ್ಬರು ನಡುವಯಸ್ಸು ದಾಟಿದ ಹೆಂಗಸರು ಕೋಣೆಯ ಮಧ್ಯದಲ್ಲಿ ಒಂದು ಕೈಚೀಲವನ್ನು ಜಗ್ಗಾಡಿದರು. ಕುರ್ಚಿ ಉರುಳಿತು. ಪಟ್ಟಿ ಕಿತ್ತು ಅತ್ತಿಗೆ ಹಿಂದಕ್ಕೆ ಬಿದ್ದು ಕೂತಳು. ಪೆಪ್ಪರ್‌ಮೆಂಟು, ಬಾಚಣಿಗೆ, ಯಾರದೋ ಮನೆಯ ಚಮಚ ಎಲ್ಲ ನೆಲದ ಮೇಲೆ ಚೆಲ್ಲಿ, ಔಷಧಿಯ ಬಾಟಲಿ ಮಂಚದ ಕಾಲಿಗೆ ಉರುಳಿ ನಿಂತಿತು. ಪುಣ್ಯಕ್ಕೆ ಒಡೆಯಲಿಲ್ಲ.

"ನೀನು ಯಾರು ತಡೆಯೋಕೆ!" ಅತ್ತಿಗೆಯನ್ನು ಎಂದೂ ಏಕವಚನದಲ್ಲಿ ಕರೆಯದವಳ ಬಾಯಿಂದ ಅದು ಬಂದೇಬಿಟ್ಟಿತು. "ಸಾಯೋರಿಗೆ ಕೊಡೋ ಔಷಧಿ ಅಂತೆ! ಅವನು ಸಾಯ್ತಾನೇ ಇರೋದು! ನನಗೂ ಗೊತ್ತು, ನಿನಗೂ ಗೊತ್ತು, ಅವನಿಗಂತೂ ನಮ್ಮಿಬ್ಬರಿಗಿಂತ ಚೆನ್ನಾಗಿ ಗೊತ್ತು! ಈ ಮನೇಲಿ ಗೊತ್ತಿಲ್ಲದೇ ಇರೋದು ಗೋಡೆ ಮೇಲಿನ ಹಲ್ಲಿಗೆ ಮಾತ್ರ!"

ಅತ್ತಿಗೆ ನೆಲದ ಮೇಲಿಂದ ತಮ್ಮನ ಕಡೆ ನೋಡಿದಳು.

"ಹೌದು ಅಕ್ಕ," ಎಂದ ಅವನು. "ಗೊತ್ತು. ಅಳೋದಾದ್ರೆ ಆಮೇಲೆ ಅಳು. ಮೊದಲು ಅದನ್ನ ಬಾಯಿಗೆ ಬಿಡು."

ಬ್ರೇಕಮ್ಮ ಬಾಟಲಿ ಎತ್ತಿಕೊಂಡು ಮುಚ್ಚಳ ತಿರುಚಿದಳು. ಸಿರಿಂಜಿನಂಥ ಅಳತೆಯ ಕೊಳವೆ ಅವಸರಕ್ಕೆ ಸರಿಯಾಗಿ ತುಂಬಿಕೊಳ್ಳಲಿಲ್ಲ. ಕೊನೆಗೆ ಅತ್ತಿಗೆಯೇ ಮಂಡಿಯೂರಿ ಎದ್ದು, ಕೊಳವೆ ಕಿತ್ತುಕೊಂಡು, ಸರಿಯಾಗಿ ಅಳೆದು, ತಮ್ಮನ ತುಟಿಯ ಮೂಲೆಯಿಂದ ಬಿಟ್ಟಳು. ಬ್ರೇಕಮ್ಮ ನರ್ಸಿಗೆ ಫೋನು ಮಾಡಿದಳು. ಔಷಧಿ ಹಿಡಿಯುವವರೆಗೆ ಒಬ್ಬಳು ಅವನ ಬೆನ್ನು ನೀವಿದಳು, ಇನ್ನೊಬ್ಬಳು ಅಂಗಾಲು.

ನರ್ಸು ಈ ಸಲ ವ್ಯಾನನ್ನು ಮನೆ ಬಾಗಿಲಿಗೇ ತಂದು ನಿಲ್ಲಿಸಿದಳು. ಆ ಹೊತ್ತಿಗೆ ಮೇಸ್ತ್ರಿಯ ಮಂಡಿ ಸಡಿಲವಾಗಿತ್ತು. ಅವಳು ಅತ್ತಿಗೆಯನ್ನು ಬೈಯಲಿಲ್ಲ, ಪಕ್ಕದಲ್ಲಿ ಕೂತು, "ಏನು ಹೆದರಿಕೆ ಆಯ್ತಮ್ಮ ನಿಮಗೆ?" ಎಂದು ಕೇಳಿದಳು.

"ಅದನ್ನ ಕೊಟ್ರೆ ಮುಗೀತು ಅಂತ."

"ಕೊಡದಿದ್ರೂ ಮುಗಿಯುತ್ತಮ್ಮ. ಕಿರುಚಿಕೊಂಡು ಮುಗಿಯುತ್ತೆ, ಅಷ್ಟೇ ವ್ಯತ್ಯಾಸ. ಇವರು ಇಷ್ಟು ದಿನ ಈಜು, ಕನ್ನಡಕ ಅಂತ ನಿಮ್ಮನ್ನ ಗೋಳು ಹೊಯ್ಕೊಂಡರಲ್ಲ, ಆ ಶಕ್ತಿ ಬಂದಿದ್ದು ಎಲ್ಲಿಂದ ಅಂದ್ಕೊಂಡ್ರಿ? ಈ ಬಾಟಲಿಯಿಂದಾನೇ."

ಅತ್ತಿಗೆ ತಮ್ಮನ ಕಡೆ ತಿರುಗಿದಳು. "ಗೊತ್ತಿದ್ದೂ ನನ್ನನ್ನ ಈಜುಕೊಳಕ್ಕೆ ಕಳಿಸಿದ್ಯಾ?"

"ಹ್ಞೂಂ."

"ಅಲ್ಲಿ ನನ್ನ ತೂಕ ನೋಡಿದ್ರು ಕಣೋ! ಎಲ್ಲರ ಎದುರಿಗೆ ಕೂಗಿ ಹೇಳಿದ್ರು!"

ಮೇಸ್ತ್ರಿ ನಗಲು ಹೋಗಿ ಹೊಟ್ಟೆ ಹಿಡಿದುಕೊಂಡ. ಅತ್ತಿಗೆ ಅವನ ತೋಳಿಗೊಂದು ಬಿಟ್ಟಳು. ಆಮೇಲೆ ಅದೇ ತೋಳಿಗೆ ಮುಖವಿಟ್ಟು ಅತ್ತಳು. ಈ ಸಲ ನಲ್ಲಿ ತಿರುಗಿಸಲಿಲ್ಲ.

ಗುಟ್ಟು ಹೋದ ಮೇಲೆ ಮನೆ ದೊಡ್ಡದಾದಂತಾಯಿತು. ಔಷಧಿ ಕೊಡುವ ಕೆಲಸವನ್ನು ಅತ್ತಿಗೆ ತಾನೇ ವಹಿಸಿಕೊಂಡಳು. ಹೊಸದಾಗಿ ಮತ ಬದಲಿಸಿದವರ ಭಕ್ತಿ ಅವಳದು: ಔಷಧಿಯ ಹೊತ್ತಾಯಿತೆಂದು ಗಡಿಯಾರಕ್ಕಿಂತ ಮುಂಚೆ ಅವಳೇ ಬಡಿದುಕೊಳ್ಳುತ್ತಿದ್ದಳು. ತಾನು ಸತ್ತ ಮೇಲೆ ಯಾರ್ಯಾರು ಬಂದು ಏನೇನು ಸುಳ್ಳು ಹೇಳಬಹುದೆಂದು ಮೇಸ್ತ್ರಿ ನಟಿಸಿ ತೋರಿಸುತ್ತಿದ್ದ. "ಆ ಮೂರನೇ ಮಹಡಿ ವಕೀಲ ಬರ್ತಾನೆ ನೋಡ್ತಿರು. 'ದೇವರಂಥ ಮನುಷ್ಯ' ಅಂತಾನೆ. ಲಿಫ್ಟು ಕೆಟ್ಟಾಗ ನಾಯಿಗೆ ಬೈದ ಹಾಗೆ ಬೈದವನು."

ಅವನು ತಿನ್ನುವುದು ಚಮಚಗಳಿಗೆ ಇಳಿದಾಗ, ಬ್ರೇಕಮ್ಮ ನಿಂತಲ್ಲೇ ತೂಕಡಿಸುವಂತಾದಾಗ, ನರ್ಸು ಇನ್ನೊಂದು ಮಾತು ತಂದಳು. ಆರೈಕೆ ಕೇಂದ್ರದಲ್ಲಿ ಒಂದು ಹಾಸಿಗೆ ಖಾಲಿಯಿದೆ, ಕೆಲವು ದಿನ ಅವರನ್ನು ಅಲ್ಲಿಟ್ಟುಕೊಳ್ಳುತ್ತೇವೆ.

"ಯಾಕೆ? ಅವನಿಗೇನಾಯ್ತು?" ಎಂದಳು ಬ್ರೇಕಮ್ಮ.

"ಅವರಿಗೇನಿಲ್ಲ. ನಿಮಗೆ ನಿದ್ದೆ ಬೇಕು."

"ಗಂಡನ್ನ ಬಿಟ್ಟು ಬಂದು ಮಲಗಲಾ? ನೋಡಿದವರು ಏನಂತಾರೆ?"

"ಗೊರಕೆ ಹೊಡೀತಾಳೆ ಅಂತಾರೆ," ಎಂದ ಮೇಸ್ತ್ರಿ ಹಾಸಿಗೆಯಿಂದ. "ಹೋಗೇ. ನಾನೂ ಸ್ವಲ್ಪ ಬೇರೆಯವರ ಕೈಲಿ ಬೈಸಿಕೊಳ್ತೀನಿ."

ಅವನನ್ನು ಕೇಂದ್ರದಲ್ಲಿ ಅಕ್ಕನ ಜೊತೆ ಬಿಟ್ಟು ಖಾಲಿ ಮನೆಗೆ ಬಂದ ಬ್ರೇಕಮ್ಮ ಪಾತ್ರೆಯಿಂದಲೇ ನಿಂತುಕೊಂಡು ತಿಂದಳು. ಮಂಚದ ನಡುಮಧ್ಯೆ ಕೈಕಾಲು ಚಾಚಿ ಮಲಗಿದಳು. ಎದ್ದಾಗ ಹೊತ್ತು ನೆತ್ತಿಗೇರಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ ಬಿದ್ದಿತ್ತು, ಮನಸ್ಸು ಹಗುರವಾಗಿತ್ತು. ಅಷ್ಟು ಹಗುರವಾದದ್ದಕ್ಕೇ ಹಾಸಿಗೆಯ ಮೇಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ಇನ್ನೊಂದು ನಿದ್ದೆ ತೆಗೆದಳು.

ಕೇಂದ್ರದಲ್ಲಿ ಹಾಸಿಗೆಗಳ ಪಕ್ಕ ದೊಡ್ಡ ಕಿಟಕಿಗಳಿದ್ದವು, ಕಾರಿಡಾರಿನಲ್ಲಿ ಚಹಾದ ಮೇಜಿತ್ತು. ಅವಳು ಹೋದಾಗ ಅಕ್ಕ ತಮ್ಮ ಇಸ್ಪೀಟಿಗೆ ಕೂತು ಜಗಳವಾಡುತ್ತಿದ್ದರು. ಅವನಿಗೆ ಎಲೆ ಹಿಡಿಯುವ ಶಕ್ತಿಯಿಲ್ಲದೆ ಅವನ ಎಲೆಗಳನ್ನೂ ಅಕ್ಕನೇ ಹಿಡಿದಿದ್ದಳು. ಆದರೂ ಅವನು ಸೋತಾಗ ಮೋಸವೆಂದು ಕೂಗುತ್ತಿದ್ದ. ಆ ಕೆಲವು ದಿನ ಮುಗಿಯುವ ಹೊತ್ತಿಗೆ ಮನೆಗೆ ಕರೆದೊಯ್ಯುವ ಸ್ಥಿತಿ ಉಳಿದಿರಲಿಲ್ಲ. ಬಾಯಿಗೆ ನೀರೂ ಬೇಡವಾಗಿತ್ತು. ಏನಾದರೂ ತಿನ್ನಿಸಲು ಅತ್ತಿಗೆ ಚಡಪಡಿಸಿದಾಗ, "ಈಗ ಹೊಟ್ಟೆ ಕೇಳಲ್ಲಮ್ಮ, ತುಟಿ ಒದ್ದೆ ಮಾಡ್ತಿರಿ ಸಾಕು," ಎಂದು ನರ್ಸು ಒಂದು ಹತ್ತಿಯ ಕಡ್ಡಿ ಕೊಟ್ಟಳು. ಅಷ್ಟು ಕೆಲಸ ಸಿಕ್ಕಿದ್ದೇ ಅತ್ತಿಗೆಗೆ ಸಮಾಧಾನವಾಯಿತು.

ಬೆಳಗಿನ ಬಿಸಿಲು ಮಂಚಕ್ಕೆ ಬಂದಿತ್ತು. ಬ್ರೇಕಮ್ಮ ಒಂದು ಕಡೆ ಅವನ ಕೈ ಹಿಡಿದು ಕೂತಿದ್ದಳು. ಇನ್ನೊಂದು ಕಡೆ ಅತ್ತಿಗೆ, ತುಟಿ ಒದ್ದೆ ಮಾಡುತ್ತಾ, ತಾನು ಆಪರೇಟರ್ ಆಗಿದ್ದಾಗ ಒಬ್ಬ ದೊಡ್ಡ ಮನುಷ್ಯ ಹೆಂಡತಿಗೆಂದು ಸುಳ್ಳು ಹೇಳಿ ಬೇರೆ ಹೆಂಗಸಿಗೆ ಲೈನು ಕೊಡಿಸಿಕೊಂಡ ಕಥೆ ಹೇಳುತ್ತಿದ್ದಳು. ಕಥೆ ಉದ್ದವಾಗಿತ್ತು, ಅದರೊಳಗೆ ಇನ್ನೊಂದು ಕಥೆ ಇತ್ತು. ನಡುವೆ ಎಲ್ಲೋ ಮೇಸ್ತ್ರಿಯ ಉಸಿರು ದೂರ ದೂರವಾಯಿತು. ಒಂದು ಬಂತು. ಇನ್ನೊಂದಕ್ಕೆ ಬ್ರೇಕಮ್ಮ ಕಾದಳು. ಬರಲಿಲ್ಲ.

ಅತ್ತಿಗೆಯ ಮಾತು ಮಾತ್ರ ನಿಂತಿರಲಿಲ್ಲ. ನಿಲ್ಲಿಸುವುದು ಹೇಗೆಂದು ಬ್ರೇಕಮ್ಮನಿಗೆ ತಿಳಿಯಲಿಲ್ಲ. ನಿಲ್ಲಿಸಲು ಮನಸ್ಸೂ ಬರಲಿಲ್ಲ. ಕಥೆ ಮುಗಿಯುವವರೆಗೆ ಕೈ ಹಿಡಿದುಕೊಂಡೇ ಇದ್ದಳು.

"...ಆಮೇಲೆ ನೋಡಿದ್ರೆ, ಆ ಕಡೆಯಿಂದ ಫೋನು ಎತ್ತಿದ್ದು ಅವನ ಹೆಂಡತೀನೇ!" ಎಂದು ಮುಗಿಸಿದ ಅತ್ತಿಗೆ ತಮ್ಮನ ನಗುವಿಗೆ ಕಾದಳು. ಆಮೇಲೆ ಬ್ರೇಕಮ್ಮನ ಮುಖ ನೋಡಿದಳು.

"ಯಾವಾಗ?"

"ಆ ದೊಡ್ಡ ಮನುಷ್ಯ ಎರಡನೇ ಸಲ ಫೋನು ಮಾಡಿದನಲ್ಲ, ಆಗ."

"ಅಂದ್ರೆ ಕೊನೆ ಕೇಳ್ಲೇ ಇಲ್ವಾ?" ಅತ್ತಿಗೆ ಹತ್ತಿಯ ಕಡ್ಡಿಯನ್ನು ಲೋಟದಲ್ಲಿಟ್ಟಳು. "ಕಳ್ಳ. ನನ್ನ ಮಾತಿನ ಮಧ್ಯೆ ಎದ್ದು ಹೋಗೋ ಅಭ್ಯಾಸ ಅವನಿಗೆ ಮೊದಲಿಂದಲೂ."

ನರ್ಸು ಬಂದು ನೋಡಿ, ಕಣ್ಣು ಮುಚ್ಚಿಸಿ, ಅವಸರವಿಲ್ಲ, ಬೇಕಾದಷ್ಟು ಹೊತ್ತು ಕೂತಿರಿ ಎಂದು ಬಾಗಿಲು ಎಳೆದುಕೊಂಡು ಹೋದಳು. ಅವರು ಕೂತರು. ಒಮ್ಮೆ ಒಬ್ಬಳು ಅತ್ತಳು, ಒಮ್ಮೆ ಇನ್ನೊಬ್ಬಳು. ಒಮ್ಮೆ ಇಬ್ಬರಿಗೂ ಎಂಥದೋ ನಗು ಉಕ್ಕಿ, ಹೊರಗೆ ಚಹಾ ಕುಡಿಯುತ್ತಿದ್ದವರು ಬಾಗಿಲ ಕಡೆ ತಿರುಗಿ ನೋಡಿದರು.

ಸಾವಿನ ನಂತರವೂ ನರ್ಸು ಮನೆಗೆ ಬರುವುದನ್ನು ಬಿಡಲಿಲ್ಲ. ರೋಗಿಯೇ ಇಲ್ಲವಲ್ಲ ಎಂದರೆ, "ನಮ್ಮ ಲೆಕ್ಕದಲ್ಲಿ ನೀವೂ ರೋಗಿಗಳೇ," ಎಂದಳು. ಊಟ, ನಿದ್ದೆ ವಿಚಾರಿಸಿದಳು. ಬ್ರೇಕಮ್ಮ ಇದ್ದದ್ದನ್ನು ಇದ್ದಹಾಗೆ ಹೇಳಿದಳು: ಅಂಗಡಿಯಲ್ಲಿ ಅವನ ಅಳತೆಯ ಅಂಗಿ ಕಂಡರೆ ಬೈಗುಳ ಬರುತ್ತದೆ, ಕೆಲವು ದಿನ ಏನೂ ಅನ್ನಿಸುವುದಿಲ್ಲ, ಅದೇ ಹೆಚ್ಚು ಹೆದರಿಸುತ್ತದೆ. ನರ್ಸು ಉಪದೇಶ ಮಾಡದೆ ಕೇಳಿಸಿಕೊಂಡು, ಇನ್ನೊಂದು ಚಹಾ ಕುಡಿದು ಹೋದಳು. ಅತ್ತಿಗೆ ತನ್ನ ಮನೆಗೆ ಮರಳಿ, ಈಜಿನ ತರಗತಿಗೆ ನಿಜವಾಗಿಯೇ ಸೇರಿಕೊಂಡಿದ್ದಳು. ಮುಳುಗಿದಾಗ ಮಾತ್ರ ಬಾಯಿ ಮುಚ್ಚುತ್ತಾಳೆಂದು ಅಲ್ಲಿನ ತರಬೇತುದಾರ ಹೇಳುತ್ತಿದ್ದನಂತೆ.

ಬ್ರೇಕಮ್ಮ ಮತ್ತೆ ಪಾಠ ಶುರುಮಾಡಿದಳು. ಮೊದಲು ಬಂದವಳು ಒಬ್ಬ ಹಲ್ಲಿನ ಡಾಕ್ಟರು. ಜನರ ಬಾಯಿಗೆ ಡ್ರಿಲ್ಲು ಹಾಕಲು ಹೆದರದವಳು ಸ್ಟೀರಿಂಗ್ ಹಿಡಿದರೆ ಎಲೆಯಂತೆ ನಡುಗುತ್ತಿದ್ದಳು. ಏರಿನ ರಸ್ತೆಯಲ್ಲಿ ಗಾಡಿ ಆಫಾಯಿತು. ಹಿಂದಿನವನು ಹಾರನ್ನಿನ ಮೇಲೇ ಕೂತ. ಬ್ರೇಕಮ್ಮ ಕಿಟಕಿಯಾಚೆ ನೋಡುತ್ತಾ ಮಾತಾಡದೆ ಕೂತಿದ್ದಳು.

"ನನ್ನ ಮೇಲೆ ಕೋಪಾನಾ ಮೇಡಂ? ನೀವು ಬೈತೀರ ಅಂತ ಎಲ್ಲ ಹೇಳಿದ್ರು. ಬೈಯದಿದ್ರೆ ಇನ್ನೂ ಭಯ ಆಗುತ್ತೆ."

"ಕೋಪ ಅಲ್ಲಮ್ಮ. ನನ್ನ ಗಂಡ ತೀರಿಕೊಂಡಿದ್ದಾನೆ."

ಹಲ್ಲಿನ ಡಾಕ್ಟರು ಬೆಚ್ಚಿ ಹಿಂದಿನ ಸೀಟಿನ ಕಡೆ ತಿರುಗಿದಳು. "ಈಗಲಾ?"

ಬ್ರೇಕಮ್ಮ ಅವಳನ್ನೇ ದಿಟ್ಟಿಸಿದಳು. ಹೊಟ್ಟೆಯ ತಳದಿಂದ ನಗು ಹೊರಟಿತು. ತಡೆಯಲು ನೋಡಿದಳು, ಆಗಲಿಲ್ಲ. ಹಾರನ್ನು ಹೊಡೆಯುತ್ತಿದ್ದವನು ಇಳಿದು ಬಂದು ಕಿಟಕಿ ಬಡಿದ. ಅವಳು ಕಣ್ಣೊರೆಸಿಕೊಂಡು ಗಾಜು ಇಳಿಸಿ, "ಒಂದು ನಿಮಿಷ ಕಣಪ್ಪ, ಕಲೀತಿದ್ದಾರೆ," ಎಂದಳು. ಅವನು ಏನೋ ಗೊಣಗಿ ಹಿಂದಕ್ಕೆ ಹೋದ.

"ಸರಿ," ಎಂದಳು ಹಲ್ಲಿನ ಡಾಕ್ಟರಿಗೆ. "ಮುಂದೆ ನೋಡಿ. ಕ್ಲಚ್ಚು ಪೂರ್ತಿ ಒತ್ತಿ. ಈಗ ಕೀ ತಿರುಗಿಸಿ."